ಒಂದೇ ಪರದೆಯ ಸುತ್ತ ನಾಲ್ಕು ಜನ

ಸ್ಕ್ರ್ಯಾಬಲ್ ಆಟದಲ್ಲಿ ಸುಳ್ಳಿಗೂ ಒಂದು ಜಾಗವಿದೆ. ಕೈಯಲ್ಲಿರುವ ಏಳು ಬಿಲ್ಲೆಗಳಿಂದ ನಿಘಂಟಿನಲ್ಲೇ ಇಲ್ಲದ ಪದವೊಂದನ್ನು ಜೋಡಿಸಿ, ಮುಖದಲ್ಲಿ ಎಳ್ಳಷ್ಟೂ ಅಳುಕು ತೋರದೆ ಅಂಕ ಬರೆಸಿಕೊಳ್ಳಬಹುದು. ಎದುರು ಕೂತವರು ಸುಮ್ಮನಿದ್ದರೆ ಗೆದ್ದಂತೆ. ಸುಮ್ಮನಿರದೆ ಸವಾಲು ಹಾಕಿದರೆ ನಿಘಂಟು ತೆರೆಯಬೇಕು. ಪದ ಸಿಗದಿದ್ದರೆ ಬಿಲ್ಲೆಗಳನ್ನು ವಾಪಸು ತೆಗೆದುಕೊಂಡು ಸರದಿ ಕಳೆದುಕೊಳ್ಳಬೇಕು. ಅಮೆರಿಕದವರು ಆಡುವ ನಿಯಮದಲ್ಲಿ ಪದ ನಿಜವಾಗಿಯೂ ಇದ್ದುಬಿಟ್ಟರೆ ಸವಾಲು ಹಾಕಿದವರ ಸರದಿಯೇ ಹೋಗುತ್ತದೆ. ಹಾಗಾಗಿ ಅಲ್ಲಿ ಪರೀಕ್ಷೆಯಾಗುವುದು ಇಂಗ್ಲಿಷ್ ಜ್ಞಾನವೊಂದೇ ಅಲ್ಲ. ಅಣ್ಣ ಬುರುಡೆ ಬಿಡುತ್ತಿದ್ದಾನೋ ಇಲ್ಲವೋ ಎಂದು ಅವನ ಮುಖ ನೋಡಿ ಹೇಳಬಲ್ಲ ತಂಗಿಯ ಜಾಣ್ಮೆಯೂ ಪಣಕ್ಕಿರುತ್ತದೆ.

ಅದೇ ಆಟ ಅಂಗೈಯ ಗೇಮ್ ಯಂತ್ರಕ್ಕೋ ಮೊಬೈಲಿಗೋ ಬಂದಾಗ ಈ ಪ್ರಸಂಗ ಬಹುಪಾಲು ಹುಟ್ಟುವುದೇ ಇಲ್ಲ. ಪದ ತಪ್ಪಿದ್ದರೆ ಯಂತ್ರ ಒಪ್ಪಿಕೊಳ್ಳುವುದಿಲ್ಲ, ಬೇರೆ ಪದ ಕೇಳುತ್ತದೆ, ಅಷ್ಟೆ. ದಂಡವಿಲ್ಲ, ಸವಾಲಿಲ್ಲ, ಎದುರಾಳಿಯ ಮುಖ ನೋಡುವ ಅಗತ್ಯವೂ ಇಲ್ಲ. 1930ರ ದಶಕದ ಆರ್ಥಿಕ ಕುಸಿತದಲ್ಲಿ ಕೆಲಸ ಕಳೆದುಕೊಂಡ ನ್ಯೂಯಾರ್ಕಿನ ವಾಸ್ತುಶಿಲ್ಪಿ ಆಲ್ಫ್ರೆಡ್ ಬಟ್ಸ್, ಪತ್ರಿಕೆಯಲ್ಲಿ ಯಾವ ಅಕ್ಷರ ಎಷ್ಟು ಸಲ ಬರುತ್ತದೆ ಎಂದು ಎಣಿಸಿ ಎಣಿಸಿ ಅಕ್ಷರಗಳ ಬೆಲೆ ನಿಗದಿ ಮಾಡಿದ. ಅವನು ರೂಪಿಸಿದ ನೂರು ಬಿಲ್ಲೆಗಳೂ 225 ಮನೆಗಳೂ ಪರದೆಯ ಮೇಲೆ ಒಂದೂ ಕಡಿಮೆಯಾಗದೆ ಉಳಿದಿವೆ. ಕಳೆದುಹೋದದ್ದು ಜನ ಆಡುತ್ತಿದ್ದ ಭಾಗ.

ಮನೆಮಂದಿಯ ಆಟಗಳು ಅಂಗೈಗೆ ಬಂದದ್ದೇ ಕೇಡು ಎಂದು ತಳ್ಳಿಹಾಕುವ ವಾದ ಸುಲಭ, ಆದರೆ ಅದು ಸರಿಯಲ್ಲ. ಯಂತ್ರ ಯಾವ ಕೆಲಸವನ್ನು ತಾನು ವಹಿಸಿಕೊಳ್ಳಬೇಕು, ಯಾವುದನ್ನು ಆಡುವವರಿಗೇ ಬಿಡಬೇಕು ಎಂಬುದು ನಿಜವಾದ ಪ್ರಶ್ನೆ. ಕಳೆದ ನಾಲ್ಕು ದಶಕಗಳಲ್ಲಿ ಕೆಲವರು ಇದನ್ನು ಚೆನ್ನಾಗಿ ಬಗೆಹರಿಸಿದ್ದಾರೆ. ಹಲವರು ಕೆಡಿಸಿದ್ದಾರೆ. ಈಗ ಲಾಭ ಮಾಡುತ್ತಿರುವವರಲ್ಲಿ ಎರಡನೆಯವರೇ ಹೆಚ್ಚು ಎಂಬುದು ಬೇಸರದ ಸಂಗತಿ.

ಮನೆಯಾಟಗಳನ್ನು ಅಂಗೈಗೆ ತಂದವರು ಹೊರಗಿನವರಲ್ಲ. ಕಾರ್ಟ್ರಿಜ್ ಬದಲಿಸಿ ಬೇರೆ ಬೇರೆ ಆಟ ಆಡಬಹುದಾಗಿದ್ದ ಮೊದಲ ಅಂಗೈ ಯಂತ್ರ ಮೈಕ್ರೊವಿಷನ್. ಅದನ್ನು 1979ರಲ್ಲಿ ಮಾರುಕಟ್ಟೆಗೆ ತಂದದ್ದು ಅಮೆರಿಕದ ಮಿಲ್ಟನ್ ಬ್ರಾಡ್ಲಿ ಕಂಪನಿ. ಬೋರ್ಡ್ ಗೇಮ್ ಲೋಕದಲ್ಲಿ ಅದು ಬಹಳ ಹಳೆಯ ಹೆಸರು. ಕಂಪನಿಯ ಸ್ಥಾಪಕ ಮಿಲ್ಟನ್ ಬ್ರಾಡ್ಲಿ ಮೂಲತಃ ಕಲ್ಲಚ್ಚಿನ ಮುದ್ರಕ. 1860ರಲ್ಲಿ ಬದುಕಿನ ಏಳುಬೀಳನ್ನೇ ಮನೆಗಳಾಗಿಸಿ ಒಂದು ಆಟ ಅಚ್ಚುಹಾಕಿ ಮಾರಿದವನು. ನೂರಹತ್ತೊಂಬತ್ತು ವರ್ಷಗಳ ನಂತರ ಅದೇ ಕಂಪನಿಗಾಗಿ ಜೇ ಸ್ಮಿತ್ ಎಂಬ ಎಂಜಿನಿಯರ್ ರೂಪಿಸಿದ ಯಂತ್ರದ ಪರದೆಯಲ್ಲಿ ಇದ್ದದ್ದು ಅಡ್ಡಕ್ಕೆ 16, ಉದ್ದಕ್ಕೆ 16, ಒಟ್ಟು 256 ಚುಕ್ಕಿ. ಅಷ್ಟರಲ್ಲೇ ಕಂಪನಿ ತನ್ನ ಜನಪ್ರಿಯ ಕನೆಕ್ಟ್ ಫೋರ್ ಆಟವನ್ನು ಅಳವಡಿಸಿತು. ನಿಲ್ಲಿಸಿದ ಚೌಕಟ್ಟಿನೊಳಗೆ ಬಿಲ್ಲೆ ಇಳಿಬಿಡುವ ಆ ಆಟಕ್ಕೆ ಬೇಕಾದದ್ದು 42 ಮನೆ ಮಾತ್ರ, ಹಾಗಾಗಿ ಇಕ್ಕಟ್ಟಾಗಲಿಲ್ಲ.

ಜಪಾನಿನ ನಿಂಟೆಂಡೊ ಕತೆಯೂ ಹೀಗೆಯೇ. 1889ರಲ್ಲಿ ಕ್ಯೋಟೊ ನಗರದಲ್ಲಿ ಹೂವಿನ ಚಿತ್ರಗಳ ಹನಾಫುಡಾ ಎಲೆಗಳನ್ನು ತಯಾರಿಸುವ ಅಂಗಡಿಯಾಗಿ ಹುಟ್ಟಿದ ಕಂಪನಿ ಅದು. ಅಲ್ಲಿನ ಎಂಜಿನಿಯರ್ ಗುನ್‌ಪೇ ಯೊಕೊಯಿ ರೈಲಿನಲ್ಲಿ ಹೋಗುವಾಗ, ಬೇಸರ ಕಳೆಯಲು ಕ್ಯಾಲ್ಕ್ಯುಲೇಟರಿನ ಗುಂಡಿ ಒತ್ತುತ್ತ ಕೂತಿದ್ದ ನೌಕರನೊಬ್ಬನನ್ನು ಕಂಡು ಕೈಯಲ್ಲಿ ಹಿಡಿಯುವ ಆಟದ ಕಲ್ಪನೆ ಪಡೆದ ಎಂಬ ಕತೆ ಪ್ರಸಿದ್ಧ. ಅದರ ಫಲವಾಗಿ 1980ರಲ್ಲಿ ಗೇಮ್ ಆ್ಯಂಡ್ ವಾಚ್ ಬಂತು, 1989ರಲ್ಲಿ ಗೇಮ್ ಬಾಯ್ ಬಂತು. ಗೇಮ್ ಬಾಯ್ ಜಪಾನಿನಲ್ಲಿ ಬಿಡುಗಡೆಯಾದ ದಿನವೇ ಅದರ ಜೊತೆ ಬಂದ ಬೆರಳೆಣಿಕೆಯ ಆಟಗಳಲ್ಲಿ ಒಂದು ಮಹ್‌ಜಾಂಗ್.

ಈ ಹುಟ್ಟಿನಲ್ಲೇ ಒಂದು ತೊಡಕಿದೆ. ಅಂಗೈ ಯಂತ್ರ ರೂಪುಗೊಂಡದ್ದು ಒಂಟಿಯಾಗಿ ಪ್ರಯಾಣಿಸುವವನ ಬೇಸರ ನೀಗಿಸಲು. ಬೋರ್ಡ್ ಗೇಮ್ ರೂಪುಗೊಂಡದ್ದು ಊಟವಾದ ಮೇಲೆ ಮೇಜಿನ ಸುತ್ತ ಉಳಿದುಕೊಂಡ ಮನೆಮಂದಿಗಾಗಿ. ಒಂದರೊಳಗೆ ಇನ್ನೊಂದನ್ನು ತುರುಕುವಾಗ ಯಾರಾದರೂ ಒಬ್ಬರು ಜಾಗ ಬಿಡಲೇಬೇಕು.

ತಾಂತ್ರಿಕ ಇಕ್ಕಟ್ಟನ್ನೇ ನೋಡಿ. ಗೇಮ್ ಬಾಯ್ ಪರದೆ ಅಡ್ಡಕ್ಕೆ 160 ಚುಕ್ಕಿ, ಉದ್ದಕ್ಕೆ 144. ಬಣ್ಣವೆಂದರೆ ಹಸಿರುಗಟ್ಟಿದ ನಾಲ್ಕು ಛಾಯೆ. 1990ರ ದಶಕದ ಆರಂಭದಲ್ಲಿ ಅದಕ್ಕೆ ಮೊನಾಪಲಿ ಬಂತು. ನಮ್ಮಲ್ಲಿ ‘ಬಿಸಿನೆಸ್’ ಹೆಸರಿನ ಡಬ್ಬಿಯಲ್ಲಿ ಮುಂಬೈ, ದೆಹಲಿಗಳನ್ನು ಕೊಂಡು ಮಾರುತ್ತ ಬೆಳೆದವರಿಗೆ ಆ ಆಟದ ಅಂಗಳ ಹೇಗಿರುತ್ತದೆಂದು ಹೇಳಬೇಕಿಲ್ಲ. ಮೊನಾಪಲಿಯಲ್ಲಿ ಒಂದೊಂದು ಅಂಚಿಗೆ ಮೂಲೆಗಳೂ ಸೇರಿ ಹನ್ನೊಂದು ಮನೆ, ಒಟ್ಟು ನಲವತ್ತು. 144 ಚುಕ್ಕಿಯನ್ನು ಹನ್ನೊಂದರಿಂದ ಭಾಗಿಸಿದರೆ ಒಂದು ಮನೆಗೆ ಹದಿಮೂರು ಚುಕ್ಕಿ ಸಿಗುತ್ತದೆ. ಆ ಯಂತ್ರದಲ್ಲಿ ಒಂದು ಅಕ್ಷರಕ್ಕೇ ಎಂಟು ಚುಕ್ಕಿ ಬೇಕು. ಅಂದರೆ ಇಡೀ ಅಂಗಳವನ್ನು ಒಮ್ಮೆಗೇ ತೋರಿಸಿದರೆ ಒಂದು ಮನೆಯೊಳಗೆ ಒಂದಕ್ಷರ ಹಿಡಿಯುತ್ತದೆ. ಎದುರಾಳಿಯ ಆಸ್ತಿ ಎಲ್ಲಿ ಗುಂಪುಗೂಡುತ್ತಿದೆ ಎಂದು ಕಣ್ಣಾಡಿಸಿ ತಿಳಿಯುವುದೇ ಆ ಆಟದ ಜೀವ. ಚಿಕ್ಕ ಪರದೆಯಲ್ಲಿ ಆ ನೋಟ ಉಳಿಯುವುದಿಲ್ಲ.

ಆದರೆ ಅದೇ ಯಂತ್ರ ಬೇರೊಂದು ಆಟಕ್ಕೆ ಹೇಳಿ ಮಾಡಿಸಿದಂತಿತ್ತು. ಬ್ಯಾಟಲ್‌ಶಿಪ್‌ನಲ್ಲಿ ಇಬ್ಬರೂ ಹತ್ತು ಸಾಲು, ಹತ್ತು ಕಂಬದ ತಮ್ಮ ತಮ್ಮ ಕಡಲಿನಲ್ಲಿ ಹಡಗುಗಳನ್ನು ಬಚ್ಚಿಟ್ಟು, ಮರೆಯ ಆಚೆಗೆ ಊಹೆಯಿಂದ ಗುಂಡು ಹಾರಿಸಬೇಕು. ಪ್ಲಾಸ್ಟಿಕ್ ಪೆಟ್ಟಿಗೆಯ ಮುಚ್ಚಳ ಅಲ್ಲಿ ಗೋಡೆಯ ಕೆಲಸ ಮಾಡುತ್ತಿತ್ತು. ಎರಡು ಗೇಮ್ ಬಾಯ್‌ಗಳ ನಡುವೆ ತಂತಿ ಜೋಡಿಸಿದರೆ ಇಬ್ಬರಿಗೂ ಸ್ವಂತ ಪರದೆ, ಸ್ವಂತ ಗುಟ್ಟು. ಇಣುಕಿ ನೋಡುವ ಭಯವಿಲ್ಲ, ತಪ್ಪು ಮನೆಯಲ್ಲಿ ಕಡ್ಡಿ ಚುಚ್ಚಿ ಆಟ ಕೆಡಿಸುವ ಸಂಭವವೂ ಇಲ್ಲ. ಆಡುವವರು ಮಾತ್ರ ಎದುರುಬದುರೇ ಇರುತ್ತಾರೆ, ಹಡಗು ಮುಳುಗಿದಾಗಿನ ಕೂಗು ಇಬ್ಬರಿಗೂ ಕೇಳಿಸುತ್ತದೆ. ಇಸ್ಪೀಟಿನಂತೆ ಕೈಯಲ್ಲಿನ ಎಲೆ ಮುಚ್ಚಿಡಬೇಕಾದ ಆಟಗಳಿಗೂ ಈ ಮಾತು ಒಪ್ಪುತ್ತದೆ. ಗುಟ್ಟು ಕಾಯುವ ಕೆಲಸವನ್ನು ಯಂತ್ರ ವಹಿಸಿಕೊಂಡರೆ ಆಟಕ್ಕೆ ನಷ್ಟವಿಲ್ಲ.

ಈ ದಾರಿಯಲ್ಲಿ ಚೆನ್ನಾಗಿ ಯೋಚಿಸಿದ ಉದಾಹರಣೆ 2005ರಲ್ಲಿ ನಿಂಟೆಂಡೊ ಡಿಎಸ್ ಯಂತ್ರಕ್ಕಾಗಿ ಜಪಾನಿನಲ್ಲಿ ಹೊರಬಂದು, ಮರುವರ್ಷ ಅಮೆರಿಕಕ್ಕೆ ‘ಕ್ಲಬ್‌ಹೌಸ್ ಗೇಮ್ಸ್’ ಹೆಸರಿನಲ್ಲಿ ಬಂದ ಆಟಗಳ ಗೊಂಚಲು. ಚೆಸ್, ಬ್ಯಾಕ್‌ಗ್ಯಾಮನ್, ಲೂಡೊ, ಇಸ್ಪೀಟು ಎಲ್ಲ ಒಂದೇ ಕಾರ್ಟ್ರಿಜ್‌ನಲ್ಲಿದ್ದವು. ಒಬ್ಬರು ಅದನ್ನು ಕೊಂಡರೆ ಸಾಕು, ಸುತ್ತ ಕೂತವರ ಯಂತ್ರಗಳಿಗೆ ಆಟ ತಾನಾಗಿ ಹರಿದು ಎಂಟು ಜನರವರೆಗೆ ಸೇರಬಹುದಿತ್ತು. ಮನೆಯೊಂದಕ್ಕೆ ಒಂದು ಡಬ್ಬಿ ಕೊಂಡರೆ ಎಲ್ಲರೂ ಆಡುವ ಹಳೆಯ ಪದ್ಧತಿಗೆ ಅದು ಗೌರವ ಕೊಟ್ಟಿತು. 2020ರಲ್ಲಿ ಸ್ವಿಚ್ ಯಂತ್ರಕ್ಕೆ ಬಂದ ಇದರ ಮುಂದುವರಿಕೆಯಲ್ಲಿ 51 ಆಟಗಳಿವೆ. ಅದರಲ್ಲಿ ಕೇರಂ ಕೂಡ ಇದೆ. ಸ್ವಿಚ್ ಹಿಂಬದಿಯ ಕಾಲನ್ನು ಬಿಡಿಸಿ ಮೇಜಿನ ಮೇಲೆ ನಿಲ್ಲಿಸಿದರೆ, ಎರಡು ಬದಿಯ ಹಿಡಿಕೆಗಳನ್ನು ಕಳಚಿ ಒಂದನ್ನು ಪಕ್ಕದವರ ಕೈಗೆ ಕೊಡಬಹುದು. ಯಂತ್ರ ಒಬ್ಬನ ಕೈಯಿಂದ ಇಳಿದು ಮೇಜಿನ ನಡುವೆ ಕೂರುತ್ತದೆ. ಇಂಥ ಸಣ್ಣ ವಿನ್ಯಾಸಗಳಿಂದಲೇ ಒಳ್ಳೆಯ ಅಂಗೈ ಆಟವನ್ನು ಗುರುತಿಸಬೇಕು.

ಮನೆಯ ನಿಯಮಗಳ ವಿಷಯ ಇದಕ್ಕಿಂತ ದೊಡ್ಡದು. ಮೊನಾಪಲಿಯ ಅಧಿಕೃತ ನಿಯಮದಂತೆ, ಯಾರೂ ಕೊಳ್ಳದ ಜಾಗದ ಮೇಲೆ ಬಂದು ನಿಂತವರು ಬೇಡವೆಂದರೆ ಅದನ್ನು ಅಲ್ಲೇ ಹರಾಜು ಹಾಕಬೇಕು. ಅದೆಷ್ಟೋ ಮನೆಗಳಲ್ಲಿ ಹರಾಜೇ ನಡೆಯುವುದಿಲ್ಲ. ದಂಡ, ತೆರಿಗೆಯ ಹಣವನ್ನು ಅಂಗಳದ ನಡುವೆ ಕೂಡಿಟ್ಟು, ‘ಫ್ರೀ ಪಾರ್ಕಿಂಗ್’ ಮನೆಗೆ ಬಂದವರಿಗೆ ಕೊಡುವ ರೂಢಿಯೂ ಪುಸ್ತಕದಲ್ಲಿಲ್ಲ, ಮನೆಗಳಲ್ಲಿ ಮಾತ್ರ ಇದೆ. ಯಂತ್ರಕ್ಕೆ ಬಂದ ಹಳೆಯ ಮೊನಾಪಲಿಗಳಲ್ಲಿ ಕೆಲವು ಪುಸ್ತಕವನ್ನೇ ಹಿಡಿದವು. ಹರಾಜು ತಪ್ಪದೆ ನಡೆದದ್ದರಿಂದ ಆಟ ಬೇಗ ಮುಗಿಯಿತು ಎಂಬುದು ನಿಜವಾದ ಲಾಭ. ಆದರೆ ತಮ್ಮ ಮನೆಯ ರೂಢಿಗೆ ಅಲ್ಲಿ ಜಾಗವಿಲ್ಲ ಎಂದು ಕಂಡ ಮಕ್ಕಳಿಗೆ ಅದು ಬೇರೆಯವರ ಆಟ ಎನಿಸಿತು. 2014ರಲ್ಲಿ ಮೊನಾಪಲಿಯ ಹಕ್ಕು ಹೊಂದಿದ ಹ್ಯಾಸ್‌ಬ್ರೊ ಕಂಪನಿ ಫೇಸ್‌ಬುಕ್‌ನಲ್ಲಿ ಜನರ ಮತ ಕೇಳಿ, ಮೆಚ್ಚುಗೆ ಪಡೆದ ಮನೆ ನಿಯಮಗಳನ್ನು ಮುದ್ರಿಸಿತು. 2017ರ ಸ್ವಿಚ್ ಆವೃತ್ತಿಯಲ್ಲಿ ಆಟ ಶುರುವಾಗುವ ಮುನ್ನ ಇಂಥ ನಿಯಮಗಳನ್ನು ಆರಿಸಿಕೊಳ್ಳುವ ಅವಕಾಶ ಬಂತು. ತಡವಾಗಿ ಆದರೂ ಸರಿಯಾದ ಹೆಜ್ಜೆ.

ಸರಿ ಎನ್ನುವುದಕ್ಕೆ ಇತಿಹಾಸವೇ ಆಧಾರ. ಮೊನಾಪಲಿ ಹುಟ್ಟಿದ್ದೇ ಮನೆ ನಿಯಮಗಳಿಂದ. ಲಿಜ್ಜಿ ಮ್ಯಾಗಿ ಎಂಬ ಮಹಿಳೆ ಭೂಮಾಲೀಕರ ಬಾಡಿಗೆ ಲೂಟಿಯ ಅನ್ಯಾಯವನ್ನು ತೋರಿಸಿಕೊಡಲು ‘ಲ್ಯಾಂಡ್‌ಲಾರ್ಡ್ಸ್ ಗೇಮ್’ ರೂಪಿಸಿ 1904ರಲ್ಲಿ ಪೇಟೆಂಟ್ ಪಡೆದರು. ಮುಂದಿನ ಮೂವತ್ತು ವರ್ಷ ಅದು ಅಂಗಡಿಗಿಂತ ಹೆಚ್ಚಾಗಿ ಕೈಯಿಂದ ಕೈಗೆ ಹರಡಿತು. ಜನ ಬಟ್ಟೆಯ ಮೇಲೆ, ರಟ್ಟಿನ ಮೇಲೆ ತಾವೇ ಅಂಗಳ ಬರೆದುಕೊಂಡರು. ತಮ್ಮೂರಿನ ಬೀದಿಗಳ ಹೆಸರಿಟ್ಟರು. ಬೇಡದ ನಿಯಮ ಬಿಟ್ಟು ಬೇಕಾದ್ದನ್ನು ಸೇರಿಸಿದರು. ಅಟ್ಲಾಂಟಿಕ್ ಸಿಟಿಯ ಕ್ವೇಕರ್ ಕುಟುಂಬಗಳು ಹಾಗೆ ತಿದ್ದಿ ಆಡುತ್ತಿದ್ದ ರೂಪವನ್ನು ಕಲಿತ ಚಾರ್ಲ್ಸ್ ಡ್ಯಾರೊ ಅದನ್ನು ತನ್ನದೆಂದು ಹೇಳಿ 1935ರಲ್ಲಿ ಆಟ ಮಾರುವ ಕಂಪನಿ ಪಾರ್ಕರ್ ಬ್ರದರ್ಸ್‌ಗೆ ಮಾರಿದ. ಮ್ಯಾಗಿ ಅವರಿಗೆ ಪೇಟೆಂಟಿಗಾಗಿ ಸಿಕ್ಕಿದ್ದು 500 ಡಾಲರ್. ಅವರಿಗಾದ ಅನ್ಯಾಯ ಒಂದು ಕಡೆ ಇರಲಿ. ಆಟದ ಬೆಳವಣಿಗೆಯ ದೃಷ್ಟಿಯಿಂದ ನೋಡಿದರೆ, 1904ರ ಆಟವನ್ನು ಯಾರೂ ತಿದ್ದಲಾಗದಂತೆ ಬೀಗ ಹಾಕಿ ಕೊಟ್ಟಿದ್ದರೆ 1935ರ ಆಟ ಬರುತ್ತಲೇ ಇರಲಿಲ್ಲ. ಇಂದು ಬಹುತೇಕ ಆ್ಯಪ್‌ಗಳು ಬೀಗ ಹಾಕಿಯೇ ಬರುತ್ತವೆ. ತಿದ್ದುವ ಕೈಗಳನ್ನು ಹೊರಗಿಡುವುದು ಆಟದ ಮುಂದಿನ ನೂರು ವರ್ಷಗಳನ್ನು ಹೊರಗಿಟ್ಟಂತೆ.

2023ರಲ್ಲಿ ಮೊಬೈಲಿಗೆ ಬಂದ ‘ಮೊನಾಪಲಿ ಗೋ’ ಇನ್ನೂ ಮುಂದೆ ಹೋಗಿದೆ. ಹೆಸರು ಮೊನಾಪಲಿ, ಟೋಪಿ ಮೀಸೆಯ ಸಾಹುಕಾರನ ಚಿತ್ರವೂ ಅದೇ. ಆದರೆ ಆಸ್ತಿಯ ಹರಾಜಿಲ್ಲ, ಎರಡು ಕೊಟ್ಟು ಒಂದು ಪಡೆಯುವ ಆಸ್ತಿಯ ಚೌಕಾಸಿ ಇಲ್ಲ. ದಾಳ ಉರುಳಿಸಿ ಸಿಕ್ಕ ನಾಣ್ಯ ಬಾಚಿಕೊಳ್ಳುವುದೇ ಮುಖ್ಯ ಕೆಲಸ. ದಾಳದ ಲೆಕ್ಕ ಮುಗಿದರೆ ಕಾಯಬೇಕು, ಇಲ್ಲವೇ ನಿಜವಾದ ದುಡ್ಡು ಕೊಟ್ಟು ಕೊಳ್ಳಬೇಕು. ಮೊದಲ ಹತ್ತೇ ತಿಂಗಳಲ್ಲಿ 200 ಕೋಟಿ ಡಾಲರ್ ಆದಾಯ ಬಂತೆಂದು ಅದನ್ನು ತಯಾರಿಸಿದ ಸ್ಕೋಪ್ಲಿ ಕಂಪನಿ ಪ್ರಕಟಿಸಿತು. ಮನೆಯ ಮೇಜಿನಲ್ಲಿ ಮಗುವಿಗೆ ಬಾಡಿಗೆಯ ಲೆಕ್ಕ, ಸಾಲದ ಭಾರ, ಮಾತುಕತೆಯ ವರಸೆ ಕಲಿಸುತ್ತಿದ್ದ ಆಟದ ಹೆಸರನ್ನು, ತಾಳ್ಮೆಗೆಟ್ಟವರಿಂದ ಹಣ ಕೀಳುವ ಉಪಾಯಕ್ಕೆ ಬಳಸಿದ್ದು ಸರಿಯಲ್ಲ. ಅಷ್ಟು ಜನ ಆಡುತ್ತಿದ್ದಾರೆ ಎಂಬುದು ಅದಕ್ಕೆ ಸಮರ್ಥನೆಯಾಗದು.

ಭಾರತದಲ್ಲಿ ಅಂಗೈ ಯಂತ್ರ ಎಂದರೆ ಮೊಬೈಲೇ. ಗೇಮ್ ಬಾಯ್, ಡಿಎಸ್‌ಗಳು ನಮ್ಮ ಮಧ್ಯಮ ವರ್ಗದ ಮನೆಗಳಿಗೆ ಬಂದದ್ದು ಕಡಿಮೆ. ಜಾತ್ರೆಯಲ್ಲಿ, ಬಸ್ ಸ್ಟ್ಯಾಂಡಿನಲ್ಲಿ ಸಿಗುತ್ತಿದ್ದ ಅಗ್ಗದ ‘ಬ್ರಿಕ್ ಗೇಮ್’ ಬಿಟ್ಟರೆ ನೇರವಾಗಿ ಫೋನೇ ಕೈಗೆ ಬಂತು. ಆ ಫೋನಿನಲ್ಲಿ ಗೆದ್ದ ಮನೆಯಾಟ ಲೂಡೊ. ನಮ್ಮ ಪಚ್ಚೀಸಿಯನ್ನು ಸರಳಗೊಳಿಸಿ, ಕವಡೆಯ ಬದಲು ದಾಳ ಇಟ್ಟು, ಹತ್ತೊಂಬತ್ತನೇ ಶತಮಾನದ ಕೊನೆಯಲ್ಲಿ ಇಂಗ್ಲೆಂಡಿನಲ್ಲಿ ಪೇಟೆಂಟ್ ಮಾಡಿದ ಆಟ ಅದು. 2016ರಲ್ಲಿ ಮುಂಬೈ ಕಡೆಯ ಗೇಮ್‌ಷನ್ ಕಂಪನಿ ‘ಲೂಡೊ ಕಿಂಗ್’ ಹೊರತಂದಿತು. 2020ರ ಲಾಕ್‌ಡೌನ್ ಅದನ್ನು ಮನೆಮಾತಾಗಿಸಿತು. ಮರುವರ್ಷದ ಹೊತ್ತಿಗೆ ಡೌನ್‌ಲೋಡ್ ಸಂಖ್ಯೆ 50 ಕೋಟಿ ದಾಟಿತೆಂದು ಕಂಪನಿ ಹೇಳಿತು.

ಆ ದಿನಗಳಲ್ಲಿ ಅದು ಮಾಡಿದ ಉಪಕಾರವನ್ನು ಮರೆಯಬಾರದು. ಧಾರವಾಡದ ಅಜ್ಜಿ, ಬೆಂಗಳೂರಿನ ಮಗ, ಕ್ಯಾಲಿಫೋರ್ನಿಯಾದ ಮೊಮ್ಮಗಳು ಒಂದೇ ಅಂಗಳದಲ್ಲಿ ಕಾಯಿ ನಡೆಸುವುದು ರಟ್ಟಿನ ಹಾಸಿನಿಂದ ಆಗದ ಕೆಲಸ. ಕುಟುಂಬಗಳು ಊರು, ಖಂಡಗಳಿಗೆ ಚದುರಿರುವ ಈ ಕಾಲದಲ್ಲಿ ಅದಕ್ಕೆ ದೊಡ್ಡ ಬೆಲೆಯಿದೆ. ಜೊತೆಗೆ ಅದರಲ್ಲಿ ಒಂದೇ ಫೋನನ್ನು ಕೈಯಿಂದ ಕೈಗೆ ದಾಟಿಸಿ, ಅಥವಾ ನಡುವೆ ಇಟ್ಟು, ನಾಲ್ವರೂ ಆಡುವ ವ್ಯವಸ್ಥೆಯೂ ಇದೆ. ಇಂಟರ್ನೆಟ್ ಬೇಕಿಲ್ಲ. ಮಕ್ಕಳಿರುವ ಮನೆಯಲ್ಲಿ ಆರಿಸಬೇಕಾದದ್ದು ಈ ವ್ಯವಸ್ಥೆಯನ್ನೇ. ಒಂದೇ ಸೋಫಾದಲ್ಲಿ ಕೂತ ನಾಲ್ವರು ನಾಲ್ಕು ಫೋನ್ ಹಿಡಿದು ಒಂದೇ ಆಟಕ್ಕೆ ಸೇರುವುದರಲ್ಲಿ ಅರ್ಥವಿಲ್ಲ. ಆಗ ಕಣ್ಣುಗಳು ಸಂಧಿಸುವುದೇ ಇಲ್ಲ, ಮಧ್ಯೆ ಬರುವ ಪ್ರತಿ ಸಂದೇಶವೂ ಒಬ್ಬರನ್ನು ಆಟದಿಂದ ಎತ್ತಿಕೊಂಡು ಹೋಗುತ್ತದೆ.

ಹಣ ಕಟ್ಟಿ ಆಡುವ ಲೂಡೊ ಆ್ಯಪ್‌ಗಳು ಬೇರೆಯೇ ಕತೆ. 2025ರ ಆಗಸ್ಟ್‌ನಲ್ಲಿ ಸಂಸತ್ತು ಅಂಗೀಕರಿಸಿದ ಆನ್‌ಲೈನ್ ಗೇಮಿಂಗ್ ಕಾಯ್ದೆ ಹಣದ ಪಣವಿರುವ ಆಟಗಳನ್ನು ನಿಷೇಧಿಸಿತು. ಆ ನಿಷೇಧದಿಂದ ಉಳಿದ ಆಟಗಳು ತಾವಾಗಿ ಒಳ್ಳೆಯವಾಗುವುದಿಲ್ಲ. ಎರಡು ಸರದಿಗೊಮ್ಮೆ ಜಾಹೀರಾತು ಬಂದರೆ ಮಗು ನೋಡುವುದು ಆಟವನ್ನೋ ಜಾಹೀರಾತನ್ನೋ ಎಂಬ ಪ್ರಶ್ನೆ ಹಾಗೇ ಉಳಿಯುತ್ತದೆ.

ಕರ್ನಾಟಕದ ಆಟಗಳು ಪರದೆಗೆ ಬರುವಾಗ ಇದಕ್ಕಿಂತ ಸೂಕ್ಷ್ಮವಾದ ತಪ್ಪುಗಳು ಆಗಬಹುದು. ಚೌಕಾಬಾರವನ್ನೇ ತೆಗೆದುಕೊಳ್ಳಿ. ಐದು ಸಾಲು, ಐದು ಕಂಬದ ಅಂಗಳ. ನಾಲ್ಕು ಕವಡೆ, ಅಥವಾ ಒಂದು ಮೈ ತೇಯ್ದು ಬಿಳುಪಾಗಿಸಿದ ನಾಲ್ಕು ಹುಣಸೆ ಬೀಜ. ಎಷ್ಟು ಬೀಜದ ಬಿಳಿ ಮೇಲಾಯಿತೋ ಅಷ್ಟು ಮನೆ. ನಾಲ್ಕೂ ಬಿಳಿಯಾದರೆ ನಾಲ್ಕು, ನಾಲ್ಕೂ ಕಪ್ಪಾದರೆ ಎಂಟು, ಈ ಎರಡಕ್ಕೂ ಮತ್ತೊಮ್ಮೆ ಹಾಕುವ ಭಾಗ್ಯ. ಬೀಜ ಎರಡೂ ಕಡೆಗೆ ಸಮನಾಗಿ ಬೀಳುತ್ತದೆ ಎಂದಿಟ್ಟುಕೊಂಡರೆ ಹದಿನಾರು ಬಗೆಯಲ್ಲಿ ಬೀಳಬಹುದು. ಅದರಲ್ಲಿ ಎರಡು ಬರುವುದು ಆರು ಬಗೆಯಲ್ಲಿ. ಒಂದು ಮತ್ತು ಮೂರು ತಲಾ ನಾಲ್ಕು ಬಗೆಯಲ್ಲಿ. ನಾಲ್ಕು ಮತ್ತು ಎಂಟು ತಲಾ ಒಂದೇ ಬಗೆಯಲ್ಲಿ. ಅಂದರೆ ನಾಲ್ಕೋ ಎಂಟೋ ಬೀಳುವ ಸಾಧ್ಯತೆ ಎಂಟಕ್ಕೆ ಒಂದು. ಇದನ್ನು ಗಮನಿಸದ ಪ್ರೋಗ್ರಾಮರ್ ಒಬ್ಬರು ಐದು ಅಂಕಿಗಳಲ್ಲಿ ಯಾವುದಾದರೊಂದನ್ನು ಸಮಾನವಾಗಿ ಎತ್ತುವಂತೆ ಬರೆದರೆ, ಅದು ಐದಕ್ಕೆ ಎರಡಾಗುತ್ತದೆ. ಎಂಟು ಬಿದ್ದಾಗ ಮನೆಯೆಲ್ಲ ಕೇಳುವಂತೆ ಏಳುತ್ತಿದ್ದ ಉದ್ಗಾರಕ್ಕೆ ಕಾರಣವೇ ಉಳಿಯುವುದಿಲ್ಲ. ಅಂಗಳ, ಕಾಯಿ, ಬಣ್ಣ ಎಲ್ಲ ಸರಿಯಿದ್ದೂ ಆಟ ಸತ್ತಿರುತ್ತದೆ.

ಅಳಿಗುಳಿಮಣೆಗೂ ಇಂಥದೇ ಅಪಾಯವಿದೆ. ಜಗತ್ತಿನ ಹಲವು ಪರದೆಗಳಲ್ಲಿ ‘ಮಂಕಾಲಾ’ ಎಂದು ಬರುವ ಆಟ ವಾಸ್ತವವಾಗಿ ಕಲಾಹ್. ಬದಿಗೆ ಆರು ಕುಳಿ ಮತ್ತು ತುದಿಯಲ್ಲಿ ಒಂದು ದೊಡ್ಡ ಕುಳಿ ಇರುವ, 1940ರಲ್ಲಿ ಅಮೆರಿಕದ ವಿಲಿಯಂ ಚಾಂಪಿಯನ್ ರೂಪಿಸಿ ಮಾರಿದ ಆಟ. ನಮ್ಮದು ಬದಿಗೆ ಏಳು ಕುಳಿಯ ಮಣೆ. ತುಳುನಾಡಿನಲ್ಲಿ ಆಟಿ ತಿಂಗಳ ಮಳೆಯಲ್ಲಿ ಚೆನ್ನೆಮಣೆಯಾಗಿ ಅದನ್ನು ಆಡುವ ಬಗೆಗಳೇ ಹಲವು. ಕುಳಿಯಲ್ಲಿ ಎಷ್ಟು ಬೀಜ ಇವೆಯೆಂದು ಕಣ್ಣಂದಾಜಿನಲ್ಲೇ ಹಿಡಿಯುವುದು ಅಲ್ಲಿನ ಅಜ್ಜಿಯರ ವಿದ್ಯೆ. ಪರದೆಯಲ್ಲಿ ಪ್ರತಿ ಕುಳಿಯ ಮೇಲೆ ಸಂಖ್ಯೆ ಮೂಡಿಸಿದರೆ ಆ ವಿದ್ಯೆ ಅನಗತ್ಯವಾಗುತ್ತದೆ. ಹೊಸಬರಿಗೆ ಸಂಖ್ಯೆ ಬೇಕು, ಒಪ್ಪಬೇಕಾದ ಮಾತೇ. ಆದರೆ ಅದನ್ನು ಮರೆಮಾಡುವ ಗುಂಡಿಯೂ ಇರಲೇಬೇಕು.

ಇವನ್ನೆಲ್ಲ ಸರಿಯಾಗಿ ಮಾಡಲು ಬೇಕಾದ ತಳಹದಿ ಇಲ್ಲಿದೆ. ಮೈಸೂರಿನ ಅರಸ ಮುಮ್ಮಡಿ ಕೃಷ್ಣರಾಜ ಒಡೆಯರು ಆಟಗಳನ್ನು ರಾಜ್ಯದ ವಿದ್ಯೆಯೆಂದೇ ಬಗೆದವರು. ಅವರ ‘ಶ್ರೀತತ್ತ್ವನಿಧಿ’ ಗ್ರಂಥದ ಕೌತುಕನಿಧಿ ಭಾಗದಲ್ಲಿ ಆಟಗಳ ವಿವರಗಳಿವೆ. ಮೈಸೂರಿನ ರಾಮ್‌ಸನ್ಸ್ ಕಲಾ ಪ್ರತಿಷ್ಠಾನ ‘ಕ್ರೀಡಾ ಕೌಶಲ್ಯ’ ಪ್ರದರ್ಶನಗಳ ಮೂಲಕ ಪಗಡೆ, ಚೌಕಾಬಾರ, ಆಡುಹುಲಿಗಳ ಹಾಸುಗಳನ್ನು ಕುಶಲಕರ್ಮಿಗಳಿಂದ ಮಾಡಿಸಿ ಜನರ ಮುಂದಿಡುತ್ತ ಬಂದಿದೆ. ಕಾನೂನಿನ ತೊಡಕೂ ಇಲ್ಲ. ಕೋಲ್ಕತ್ತದ ಅಗರ್‌ವಾಲಾ ಸಹೋದರರ ‘ಸ್ಕ್ರ್ಯಾಬ್ಯುಲಸ್’ ಎಂಬ ಸ್ಕ್ರ್ಯಾಬಲ್ ಮಾದರಿಯ ಆನ್‌ಲೈನ್ ಆಟದ ವಿರುದ್ಧ, ಸ್ಕ್ರ್ಯಾಬಲ್ ಹಕ್ಕುದಾರ ಕಂಪನಿ ಮ್ಯಾಟೆಲ್ ಹೂಡಿದ್ದ ದಾವೆಯಲ್ಲಿ ದೆಹಲಿ ಹೈಕೋರ್ಟ್ 2008ರಲ್ಲಿ ಹೆಸರಿನ ಹಕ್ಕನ್ನು ಕಾಪಾಡಿತು, ಆದರೆ ಆಟದ ಅಂಗಳದ ಮೇಲೆ ಕೃತಿಸ್ವಾಮ್ಯವನ್ನು ಒಪ್ಪಲಿಲ್ಲ. ಶತಮಾನಗಳಿಂದ ಜಗಲಿಯ ಮೇಲೆ ಸೀಮೆಸುಣ್ಣದಲ್ಲಿ ಬರೆದಾಡಿದ ಚೌಕಾಬಾರಕ್ಕಂತೂ ಯಾರ ಅನುಮತಿಯೂ ಬೇಡ.

ಬೆಂಗಳೂರಿನಲ್ಲಿ ಜಗತ್ತಿಗೆಲ್ಲ ತಂತ್ರಾಂಶ ಬರೆಯುವ ಕನ್ನಡದ ಹುಡುಗ ಹುಡುಗಿಯರಿದ್ದಾರೆ. ಅವರು ಮಾಡಬೇಕಾದ ಚೌಕಾಬಾರ ಹೀಗಿರಬೇಕು: ಫೋನು ಅಥವಾ ಟ್ಯಾಬ್ ನಡುವೆ ಮಲಗಿರಲಿ, ನಾಲ್ಕು ಬದಿಯಿಂದಲೂ ಅಂಗಳ ಓದುವಂತಿರಲಿ. ಬೀಜವನ್ನು ನೆಲದ ಮೇಲೆ ನಿಜವಾಗಿಯೇ ಚೆಲ್ಲಿ, ಬಿದ್ದ ಅಂಕಿಯನ್ನು ಒತ್ತುವ ಅವಕಾಶವಿರಲಿ. ಲೆಕ್ಕ ತಪ್ಪಿ ಕಾಯಿ ನಡೆಸಿದರೆ ಯಂತ್ರ ತಡೆಯದಿರಲಿ, ಎದುರಾಳಿ ಕಂಡುಹಿಡಿಯಲಿ. ಕಡಿಯದೆ ಒಳಮನೆಗೆ ಹೋಗಬಹುದೇ, ಜೋಡಿ ಕಾಯಿಯನ್ನು ಒಂಟಿ ಕಾಯಿ ದಾಟಬಹುದೇ, ಕಡಿದವರಿಗೆ ಇನ್ನೊಂದು ಸರದಿ ಉಂಟೇ ಎಂಬುದನ್ನು ಆಟಕ್ಕೆ ಮೊದಲು ಮನೆಯವರೇ ತೀರ್ಮಾನಿಸಲಿ. ಒಂದೇ ಸಲ ನೂರಿನ್ನೂರು ರೂಪಾಯಿ ಪಡೆದು, ನಂತರ ಜಾಹೀರಾತನ್ನೂ ನಾಣ್ಯವನ್ನೂ ಒಳಗೆ ಬಿಡದಿರಲಿ. ಇದಕ್ಕೆ ಭಾರಿ ಬಂಡವಾಳ ಬೇಕಿಲ್ಲ. ಕಷ್ಟದ ಕೆಲಸ ಇರುವುದು ಕೋಡ್ ಬರೆಯುವುದಕ್ಕಿಂತ ಮೊದಲು. ಬೀದರಿನಲ್ಲಿ, ಸಿರಸಿಯಲ್ಲಿ, ಚಾಮರಾಜನಗರದಲ್ಲಿ ಈ ಆಟವನ್ನು ಇಂದಿಗೂ ಬಾಯಿಪಾಠದಂತೆ ಬಲ್ಲ ಹಿರಿಯರ ಎದುರು ಕೂತು, ಅವರವರ ಮನೆಯ ನಿಯಮವನ್ನು ಅವರ ಮಾತಿನಲ್ಲೇ ಬರೆದುಕೊಳ್ಳಬೇಕು. ಆ ಹಿರಿಯರಲ್ಲಿ ಹೆಚ್ಚಿನವರು ಎಪ್ಪತ್ತು ದಾಟಿದವರು, ಹಾಗಾಗಿ ಬರೆದುಕೊಳ್ಳುವ ಕೆಲಸ ಈ ವರ್ಷವೇ ಶುರುವಾಗಬೇಕು.